ಅಳತೆಯ ಕಣ್ಣಿಗೆ ಕಂಡ ಮಾನಸ

ಮಾನಸಸರೋವರವನ್ನು ಕುರಿತ ಬರವಣಿಗೆಯಲ್ಲಿ ಸರಸ್ಸನ್ನು ಕಾಣದೆ ಬರೆದುದು ಒಂದು ಬಗೆ. ಕಂಡೂ ಕಾಣದವರಂತೆ ಬರೆದುದು ಮತ್ತೊಂದು ಬಗೆ. ಮೊದಲನೆಯದರಲ್ಲಿ ಕಾಳಿದಾಸನಂಥ ಮಹಾಕವಿಯಿದ್ದಾನೆ. ಅವನ ಹೊಂದಾವರೆಗಳಲ್ಲಿ ದೋಷವೆಣಿಸುವುದು ಅರಸಿಕತೆಯೇ ಸರಿ. ಆದರೆ 5,000 ಮೀಟರಿಗೂ ಮಿಕ್ಕ ಲಿಪುಲೇಖ ಕಣಿವೆಯನ್ನು ಏದುಸಿರಿನಿಂದ ಹತ್ತಿಳಿದು, ಗುರ್ಲಾ ಮಾಂಧಾತದ ಪಕ್ಕದ ಶೀತಗಾಳಿಗೆ ಮೈಯೊಡ್ಡಿ ಬಂದ ಯಾತ್ರಿಕನು ಲೇಖನಿ ಹಿಡಿದೊಡನೆ ಅದೇ ತಾವರೆ, ಅದೇ ರಾಜಹಂಸ, ಅದೇ ಮುತ್ತುಗಳನ್ನು ಹರಡಿದರೆ ಅದು ಕಾವ್ಯವೂ ಅಲ್ಲ, ವರದಿಯೂ ಅಲ್ಲ. ಅದನ್ನು ನಂಬಿ ಹೊರಡುವ ವಾಚಕನಿಗೆ ಅದು ಮಾಡುವ ಅನ್ಯಾಯ ಸಣ್ಣದಲ್ಲ. 1998ರ ಆಗಸ್ಟಿನಲ್ಲಿ ಈ ದಾರಿಯ ಮಾಲ್ಪಾದಲ್ಲಿ ಬೆಟ್ಟ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಮಡಿದರು. ಅವರಲ್ಲಿ ಸುಮಾರು 60 ಮಂದಿ ಮಾನಸದ ಯಾತ್ರಿಕರು.

ಈ ಎರಡು ಬಗೆಗೂ ಸೇರದೆ ನಿಲ್ಲುವ ಗ್ರಂಥ ಸ್ವಾಮಿ ಪ್ರಣವಾನಂದರ 'ಕೈಲಾಸ್-ಮಾನಸರೋವರ್'. ನೆಹರೂ ಅವರ ಮುನ್ನುಡಿಯೊಡನೆ 1949ರಲ್ಲಿ ಪ್ರಕಟವಾದ ಈ ಇಂಗ್ಲಿಷ್ ಕೃತಿಯ ಕರ್ತೃಗಳು ಗೋದಾವರಿ ಸೀಮೆಯಲ್ಲಿ ಹುಟ್ಟಿದ ಸಂನ್ಯಾಸಿಗಳು. 1928ರಲ್ಲಿ ಮೊದಲ ಸಲ ಅಲ್ಲಿಗೆ ನಡೆದುಹೋದ ಅವರು ಇಪ್ಪತ್ತಕ್ಕೂ ಮಿಕ್ಕಿ ಸರೋವರವನ್ನು ಪ್ರದಕ್ಷಿಣೆ ಮಾಡಿದರು. 1936-37ರಲ್ಲಿ ದಕ್ಷಿಣ ದಂಡೆಯ ಬೌದ್ಧವಿಹಾರವೊಂದರಲ್ಲಿ ಇಡೀ ವರ್ಷ ನೆಲೆಸಿದರು. ಜಪಮಣಿಯನ್ನು ಹಿಡಿದ ಕೈಯಲ್ಲಿಯೇ ಅಳತೆಯ ಪಟ್ಟಿಯನ್ನೂ ಹಿಡಿದ ಇಂಥವರು ನಮ್ಮಲ್ಲಿ ವಿರಳ.

ಗ್ರಂಥದ ಪ್ರಧಾನ ಸತ್ತ್ವವಿರುವುದು ನದೀಮೂಲಗಳ ಚರ್ಚೆಯಲ್ಲಿ. ಸಿಂಹಮುಖ, ಅಶ್ವಮುಖ, ಗಜಮುಖ, ಮಯೂರಮುಖಗಳಿಂದ ಸಿಂಧು, ಬ್ರಹ್ಮಪುತ್ರ, ಸತಲಜ, ಕರ್ನಾಲಿ ನದಿಗಳು ಹುಟ್ಟುತ್ತವೆಂಬುದು ಟಿಬೆಟ್ಟಿನವರ ನಂಬಿಕೆ. 1907ರಲ್ಲಿ ಸರೋವರದ ಮೇಲೆ ದೋಣಿ ನಡೆಸಿ ಆಳವನ್ನಳೆದ ಸ್ವೀಡನ್ನಿನ ಸ್ವೆನ್ ಹೆಡಿನ್ ಈ ಮೂಲಗಳ ಪೈಕಿ ಕೆಲವನ್ನು ತಾನು ನಿರ್ಣಯಿಸಿದೆನೆಂದು ಸಾರಿದ್ದನು. ಸ್ವಾಮೀಜಿಯವರು ಅದನ್ನು ಪ್ರಶ್ನಿಸಿದ ರೀತಿ ಗಮನಾರ್ಹ. ಪುರಾಣವಚನವನ್ನು ಮುಂದೊಡ್ಡಿ ವಿಜ್ಞಾನವನ್ನು ಅವರು ಖಂಡಿಸಲಿಲ್ಲ. ಹೆಡಿನ್ ಒಂದು ನದಿಗೆ ನೀರಿನ ಪ್ರಮಾಣವನ್ನೂ ಮತ್ತೊಂದಕ್ಕೆ ಸ್ಥಳೀಯ ಸಂಪ್ರದಾಯವನ್ನೂ ಪ್ರಮಾಣವಾಗಿ ಹಿಡಿದುದನ್ನು ತೋರಿಸಿ, ಎಲ್ಲಕ್ಕೂ ಒಂದೇ ಅಳತೆಗೋಲು ಬೇಡವೇ ಎಂದು ಕೇಳಿದರು. ಉದ್ದ, ಪ್ರಮಾಣ, ಹಿಮನದಿ ಇವುಗಳಲ್ಲಿ ಯಾವೊಂದೂ ನಾಲ್ಕಕ್ಕೂ ಹೊಂದದಿರಲು, ಆ ನಾಡಿನವರು ತಲೆಮಾರುಗಳಿಂದ ಹೇಳಿಕೊಂಡು ಬಂದುದಕ್ಕೆ ಬೆಲೆ ಕೊಡಬೇಕೆಂಬುದು ಅವರ ವಾದ. ಸಂಪ್ರದಾಯಕ್ಕೆ ಇಲ್ಲಿ ಸಂದ ಗೌರವ ತರ್ಕದ ಕೊನೆಯಲ್ಲಿ ಬಂದುದು, ತರ್ಕದ ಬದಲಾಗಿ ಬಂದುದಲ್ಲ.

ಆ ನಿರ್ಣಯಗಳೆಲ್ಲವೂ ಉಳಿದಿವೆಯೆನ್ನಲಾಗದು. ಬ್ರಹ್ಮಪುತ್ರದ ಮೂಲ ಅವರು ಹೇಳಿದ ಚೆಮಾಯುಂಗ್‌ಡುಂಗ್ ಅಲ್ಲ, ಆಂಗ್ಸಿ ಹಿಮನದಿಯೆಂದು ಚೀನೀ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದರು. ಅಳತೆಯನ್ನು ನೆಚ್ಚಿ ಬರೆದವರ ಮಾತನ್ನು ಮುಂದಿನ ಅಳತೆ ತಿದ್ದುವುದು ಸಹಜ. ಹೊಂದಾವರೆಯ ಕಥನಕ್ಕೆ ಅಂಥ ಭಯವಿಲ್ಲ, ಅಂಥ ಭಾಗ್ಯವೂ ಇಲ್ಲ.

ಹಂಸದ ವಿಷಯವೂ ಹೀಗೆಯೇ. 4,590 ಮೀಟರ್ ಎತ್ತರದ ಆ ಶೀತಜಲದಲ್ಲಿ ತಾವರೆಗೆ ಎಡೆಯಿಲ್ಲ. ಆದರೆ ಮುಂಗಾರಿನ ಮೋಡ ಕಂಡು ಹಂಸಗಳು ಮಾನಸದತ್ತ ಹಾರುವುವೆಂಬ 'ಮೇಘದೂತ'ದ ಕಲ್ಪನೆ ಬರಿಯ ಕಲ್ಪನೆಯಲ್ಲ. ಟಿಬೆಟ್ಟಿನ ಸರಸ್ಸುಗಳಲ್ಲಿ ಮರಿಮಾಡುವ ಪಟ್ಟೆತಲೆಯ ಹೆಬ್ಬಾತು ಚಳಿಗಾಲಕ್ಕೆ ಭಾರತಕ್ಕಿಳಿಯುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಆ ಜಾತಿಯ ಹಕ್ಕಿಗಳನ್ನು ಸಾವಿರಗಟ್ಟಲೆ ಕಾಣಬಹುದು. ಅವು ಉತ್ತರಕ್ಕೆ ಮರಳುವುದು ಬೇಸಗೆಯ ಮೊದಲಲ್ಲಿ; ಕವಿ ಎರಡು ಮೂರು ತಿಂಗಳು ತಡವಾಗಿ ಕಳುಹಿಸಿದ್ದಾನೆ, ಅಷ್ಟೆ. ದಿಕ್ಕು ತಪ್ಪಿಲ್ಲ.

ಕೃತಿಯಲ್ಲಿ ಕುಂದುಗಳಿಲ್ಲದಿಲ್ಲ. ಬಿಡಾರಗಳ ನಡುವಣ ದೂರ, ಏರಿಳಿತ, ಸಾಮಾನು ಸರಂಜಾಮುಗಳ ಪಟ್ಟಿಗಳು ಪುಟಗಟ್ಟಲೆ ಸಾಗಿ ವಾಚಕನನ್ನು ದಣಿಸುತ್ತವೆ. ಸರೋವರದ ಸೌಂದರ್ಯವರ್ಣನೆಗೆ ತೊಡಗಿದಾಗಲಂತೂ ಸ್ವಾಮೀಜಿಯವರ ಶೈಲಿ ತನ್ನ ಬಿಗಿಯನ್ನು ಸಡಿಲಿಸಿ ಅಲಂಕಾರಗಳಿಗೆ ಒಲಿಯುತ್ತದೆ. ಹಳೆಯ ಮೋಹ ಅವರನ್ನೂ ಪೂರ್ತಿ ಬಿಟ್ಟಿರಲಿಲ್ಲ.

ಆ ದೂರದ ಪಟ್ಟಿಗಳಿಗೆ ಈಗ ಪ್ರಯೋಜನ ಕಡಿಮೆ. 1962ರ ಬಳಿಕ ಮುಚ್ಚಿಹೋಗಿ 1981ರಲ್ಲಿ ತೆರೆದ ಯಾತ್ರೆ, 2020ರಿಂದ ಮತ್ತೆ ನಿಂತು 2025ರಲ್ಲಿ ಪುನರಾರಂಭವಾಗಿದೆ. ಅಲ್ಮೋರದಿಂದ ವಾರಗಟ್ಟಲೆ ನಡೆಯುತ್ತಿದ್ದ ಹಾದಿಯ ಬಹುಭಾಗವನ್ನು ಈಗ ವಾಹನಗಳು ಕ್ರಮಿಸುತ್ತವೆ; 88 ಕಿಲೋಮೀಟರ್ ಸುತ್ತಳತೆಯ ಸರಸ್ಸಿನ ಪ್ರದಕ್ಷಿಣೆಯೂ ಬಹುಮಟ್ಟಿಗೆ ಚಕ್ರದ ಮೇಲೆಯೇ. ಆದರೆ ಯಾತ್ರಿಕರು ಹೋಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮಾನಸ ಹೆಪ್ಪುಗಟ್ಟುವುದನ್ನೂ, ಮಂಜುಗಡ್ಡೆ ಸದ್ದುಮಾಡುತ್ತ ಬಿರುಕುಬಿಡುವುದನ್ನೂ, ಅದು ಕರಗಿ ಮತ್ತೆ ನೀಲಿಯಾಗುವುದನ್ನೂ ಅವರು ಕಾಣರು. ಅದನ್ನು ದಂಡೆಯಲ್ಲಿದ್ದು ದಿನದಿನವೂ ಕಂಡು ಬರೆದಿಟ್ಟ ಅಧ್ಯಾಯಕ್ಕಾಗಿ ಇಂದಿಗೂ ಈ ಗ್ರಂಥವನ್ನೇ ತೆರೆಯಬೇಕು.