ನೆಗ್ಗಿದ ಲೋಟದ ವ್ಯಾಕರಣ

ಹೂಡಿ ಸರ್ಕಲ್ಲಿನ ಆಸುಪಾಸಿನಲ್ಲಿ ಟಿಂಕರಿಂಗ್ ಶೆಡ್ಡುಗಳಿಗೆ ಬರವಿಲ್ಲ. ಐಟಿಪಿಎಲ್ ಕಡೆ ಓಡುವ ಕಾರುಗಳು ಒಂದಕ್ಕೊಂದು ಗುದ್ದಿಕೊಂಡು ಅಲ್ಲಿಗೆ ಬರುತ್ತವೆ. ಕಾರಿನ ಬಾಗಿಲು ಒಳಕ್ಕೆ ಹೋಗಿದ್ದರೆ ಹುಡುಗರು ‘ಡೆಂಟ್’ ಅಂತಾರೆ. ಅದೇ ಹುಡುಗರು, ಊಟದ ಡಬ್ಬಿಯ ಮುಚ್ಚಳ ಕೂರದಿದ್ದರೆ ‘ಥೂ, ನೆಗ್ಗೋಗಿದೆ’ ಅಂತಾರೆ. ಕಾರಿಗೆ ಇಂಗ್ಲಿಷು, ಡಬ್ಬಿಗೆ ಕನ್ನಡ. ಕನ್ನಡ ಅಳಿಯಿತು ಎಂದು ಗೋಳಾಡುವವರ ಜೊತೆ ನಾವು ಸೇರುವುದಿಲ್ಲ. ನಮ್ಮ ತಕರಾರು ಬೇರೆ.

ಡೆಂಟಿಗೆ ಒಬ್ಬ ಕರ್ತೃ ಇರ್ತಾನೆ. ‘ಯಾರ್ ಸಾರ್ ಗುದ್ದಿದ್ದು?’ ಅಂತ ಮೊದಲು ಕೇಳ್ತಾರೆ. ವಿಮೆಯ ಅರ್ಜಿಯಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಓಡಿಸುತ್ತಿದ್ದವರು ಯಾರು, ಎಲ್ಲ ಬರೆಯಬೇಕು. ನೆಗ್ಗಿಗೆ ಕೇಳುವವರಿಲ್ಲ. ‘ಲೋಟ ನೆಗ್ಗಿದೆ’ ಎಂದರೆ ಮುಗಿಯಿತು, ಕರ್ತೃ ಲೋಟವೇ!

ನಮ್ಮ ಕತೆಗಾರರಿಗೆ ಇದು ಬಹಳ ಅನುಕೂಲವಾಯಿತು. ಕತೆಯಲ್ಲಿ ನೆಗ್ಗಿದ ಲೋಟ ಬಂದರೆ ಬಡತನ ಎಂದು ತಿಳಿದು ಓದುಗ ಮರುಗಬೇಕು. ವಿಮರ್ಶಕರು ಅದನ್ನು ಪ್ರತಿಮೆ ಎಂದು ಮೆಚ್ಚುತ್ತಾರೆ. ಬಡತನ ಸುಳ್ಳಲ್ಲ. ನಮ್ಮ ಅವ್ವಂದಿರ ಅಲ್ಯೂಮಿನಿಯಂ ಪಾತ್ರೆಗಳೂ ನೆಗ್ಗಿದ್ದವು. ತೆಳು ಲೋಹ, ಬಿದ್ದರೆ ನೆಗ್ಗುತ್ತದೆ. ಆದರೆ ಊರ ಹೋಟೆಲಿನ ಸೂರಿಗೆ ಸಿಕ್ಕಿಸಿಟ್ಟಿದ್ದ ಲೋಟದ ನೆಗ್ಗು ಆ ಜಾತಿಯದಲ್ಲ. ಒಳಗೆ ಕೂತವರಿಗೆ ಗಾಜಿನ ಲೋಟ. ನಾವು ಹೊರಗೆ ನಿಂತು, ಸೂರಿನಿಂದ ಇಳಿಸಿಕೊಂಡು, ಎತ್ತಿ ಹುಯ್ದ ಟೀ ಕುಡಿದು, ನಾವೇ ತೊಳೆದು ಅಲ್ಲೇ ಸಿಕ್ಕಿಸಬೇಕಿತ್ತು. ‘ಲೇ, ಆ ನೆಗ್ಗಿರೋದ್ ತಗೊಳ್ಳೊ’ ಎಂದರೆ ಯಾರ ಲೋಟ ಎಂದು ಯಾರೂ ಕೇಳುತ್ತಿರಲಿಲ್ಲ. ಕುರಿಯ ಕಿವಿಗೆ ಹಾಕಿದ ಕಚ್ಚಿನಂತೆ ಅದು ಗುರುತು. ಬಿದ್ದು ನೆಗ್ಗಿದ್ದೋ, ಗುರುತಿಗೆಂದೇ ಗುದ್ದಿದ್ದೋ, ಆರಿಸಿ ಹೊರಗಿಟ್ಟ ಕೈ ಒಂದಿತ್ತು.

1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಆ ಕೈಯನ್ನು ಕಂಡಿತ್ತು. 1976ರಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂಬ ಹೆಸರಾಯಿತು. ಹೋಟೆಲಿನ ಪಾತ್ರೆ ಬಳಸಲು ಅಸ್ಪೃಶ್ಯತೆಯ ನೆಪದಲ್ಲಿ ಅಡ್ಡಿ ಮಾಡಿದವನು ಅದರ 4ನೇ ಕಲಮಿನಲ್ಲಿ ಅಪರಾಧಿ. ಕಾನೂನಿಗೆ ಕಂಡವನು ನಮ್ಮ ಕತೆಗಳ ವಾಕ್ಯಕ್ಕೆ ಕಾಣಲಿಲ್ಲ.

ವ್ಯಾಕರಣವನ್ನು ದೂರುವಂತಿಲ್ಲ. ‘ನೆಗ್ಗು’ ಅಕರ್ಮಕ, ನಿಜ. ‘ನೆಗ್ಗಿಸು’ ಪಕ್ಕದಲ್ಲೇ ಇದೆ. ಅದನ್ನು ಮುಟ್ಟಿದರೆ ಯಾರು ಎಂದು ಹೇಳಬೇಕಾಗುತ್ತದೆ, ಅದಕ್ಕೇ ಮುಟ್ಟುವುದಿಲ್ಲ. ನಾವೂ ಮೊದಮೊದಲ ಕತೆಗಳಲ್ಲಿ ‘ನೆಗ್ಗಿದ ಲೋಟ’ ಎಂದೇ ಬರೆದು ಚಪ್ಪಾಳೆ ತಗೊಂಡವರು.

ಈಗ ಹೂಡಿಯ ಟೀ ಅಂಗಡಿಗಳಲ್ಲಿ ಕಾಗದದ ಲೋಟ, ಶೆಡ್ಡಿನವರಿಗೂ ಕಾರಿನವರಿಗೂ ಅದೇ. ಹಳ್ಳಿ ಕಡೆ ಕೆಲವು ಹೋಟೆಲುಗಳಲ್ಲಿ ಬೇರೆಯವರಿಗೆ ಸ್ಟೀಲು, ನಮ್ಮವರಿಗೆ ಮಾತ್ರ ಬಿಸಾಕುವ ಪ್ಲಾಸ್ಟಿಕ್ಕು. ಅದು ನೆಗ್ಗುವುದೂ ಇಲ್ಲ.