ಕಂಡರಿಸಿದ ಕಾಣಿಕೆ: ಕೋಲ್ಟನ ಎರಡು ಪಿಸ್ತೂಲುಗಳು

ಆಯುಧಾಲಂಕರಣವನ್ನು ಕುರಿತ ಬರಹಗಳಲ್ಲಿ ಕುಸುರಿಯ ಸೂಕ್ಷ್ಮತೆಗೇ ಪ್ರಾಶಸ್ತ್ಯ ಸಲ್ಲುವುದು ವಾಡಿಕೆ. ಬಳ್ಳಿಯ ಸುರುಳಿ ಎಷ್ಟು ನವುರು, ಚಿನ್ನದ ಎಳೆ ಎಷ್ಟು ಸಣ್ಣದು ಎಂದು ಹೇಳಿದರೆ ವಿಮರ್ಶೆ ಮುಗಿಯಿತೆಂದು ಹಲವರು ಭಾವಿಸಿದಂತಿದೆ. ವ್ಯಕ್ತಿವಿಶೇಷರಿಗೆ ಕಾಣಿಕೆಯಾಗಿ ಕೊಡಲೆಂದೇ ಮಾಡಿಸಿದ ಪಿಸ್ತೂಲುಗಳ ವಿಷಯದಲ್ಲಿ ಈ ಅಳತೆ ಸಾಲದು. ಕಾಣಿಕೆಯೂ ಒಂದು ಬಗೆಯ ಮಾತೇ; ಅದರ ಅಲಂಕಾರ ಯಾರ ಪರವಾಗಿ, ಯಾರನ್ನು ಕುರಿತು ನುಡಿಯುತ್ತದೆಂಬುದನ್ನು ಕೇಳದೆ ಅದಕ್ಕೆ ಬೆಲೆ ಕಟ್ಟಲಾಗದು. ಅಮೆರಿಕದ ಸ್ಯಾಮ್ಯುಅಲ್ ಕೋಲ್ಟನು ಕೊಟ್ಟ ಒಂದು ಜೋಡಿಯನ್ನು ನಿದರ್ಶನವಾಗಿ ಪರಿಶೀಲಿಸಬಹುದು.

1836ರಲ್ಲಿ ತನ್ನ ದೇಶದಲ್ಲಿ ರಿವಾಲ್ವರಿಗೆ ಹಕ್ಕುಪತ್ರ ಪಡೆದ ಕೋಲ್ಟನು ಹಾರ್ಟ್‌ಫರ್ಡ್ ಪಟ್ಟಣದ ಕಾರ್ಖಾನೆಯಲ್ಲಿ ಯಂತ್ರಗಳ ನೆರವಿನಿಂದ ಆಯುಧಗಳನ್ನು ರಾಶಿರಾಶಿಯಾಗಿ ತಯಾರಿಸಿದವನು. 1853ರ ಸುಮಾರಿಗೆ ಅಶ್ವಸೈನಿಕರ ಭಾರವಾದ 'ಡ್ರಗೂನ್' ಮಾದರಿಯ ಎರಡು ರಿವಾಲ್ವರುಗಳನ್ನು ಚಿನ್ನದ ಕೆಲಸದಿಂದ ಸಿಂಗರಿಸಲಾಯಿತು. ಒಂದು ತುರ್ಕಿಯ ಸುಲ್ತಾನ ಅಬ್ದುಲ್ ಮಜೀದನಿಗೆ ಸಂದಿತು. ಇನ್ನೊಂದು ರಷ್ಯದ ಚಕ್ರವರ್ತಿ ಮೊದಲನೆಯ ನಿಕೊಲಸನಿಗೆ. 1853ರಲ್ಲಿ ಇವರಿಬ್ಬರ ನಡುವೆ ಯುದ್ಧ ಆರಂಭವಾಗಿತ್ತು. ಮೊದಲನೆಯದು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಎರಡನೆಯದು ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜಿನಲ್ಲಿದೆ.

ಕೆಲಸ ಉತ್ತಮವಾದುದೆಂಬುದು ನಿರ್ವಿವಾದ. ಉಕ್ಕಿನಲ್ಲಿ ಉಳಿಯಿಂದ ಕಾಲುವೆ ತೋಡಿ, ಅದರ ಅಂಚನ್ನು ಒಳಸರಿಸಿ, ಚಿನ್ನದ ತಂತಿಯನ್ನು ಬಡಿದು ಕೂರಿಸಬೇಕು. ಬಿದರಿ ಕೆಲಸವನ್ನು ಕಂಡವರಿಗೆ ಈ ಕ್ರಮ ತೀರ ಅಪರಿಚಿತವಲ್ಲ. ಆದರೆ ಸತುವಿನ ಮಿಶ್ರಲೋಹಕ್ಕಿಂತ ಉಕ್ಕು ಬಹಳ ಕಠಿನ. ತಪ್ಪಿದ ಗೀರನ್ನು ಅಳಿಸುವುದು ಸುಲಭವಲ್ಲ. ಇದು ಜರ್ಮನ್ ಮೂಲದ ಗುಸ್ಟಾವ್ ಯಂಗನ ಕೈಕೆಲಸವಿರಬೇಕೆಂದು ವಿದ್ವಾಂಸರ ಅಭಿಪ್ರಾಯ. ಕೊಟ್ಟವನ ಹೆಸರೂ ಪಡೆದವನ ಹೆಸರೂ ನಿಶ್ಚಿತವಾಗಿ ಉಳಿದಿರಲು, ಕಂಡರಿಸಿದವನದು ಮಾತ್ರ ಊಹೆಯ ಪಾಲಾಗಿರುವುದು ಗಮನಾರ್ಹ.

ನಮ್ಮ ಆಕ್ಷೇಪ ಕೆಲಸಗಾರನ ಮೇಲಲ್ಲ, ಕಾಣಿಕೆಯ ಅರ್ಥದ ಮೇಲೆ. ಸುಲ್ತಾನನ ಪಿಸ್ತೂಲಿನಲ್ಲಿ ಮೆರೆಯುವುದು ಜಾರ್ಜ್ ವಾಷಿಂಗ್ಟನನ ಮುಖ. ಇದಕ್ಕಿಂತಲೂ ಹೆಚ್ಚಿನದನ್ನು ಹೇಳುವ ಗುರುತೊಂದಿದೆ: ಒಂದರ ಕ್ರಮಾಂಕ 12406, ಮತ್ತೊಂದರದು 12407. ಪರಸ್ಪರ ಹಗೆಗಳಾದ ಇಬ್ಬರು ದೊರೆಗಳಿಗೆ ಸಂದ 'ವಿಶೇಷ' ಕಾಣಿಕೆಗಳು ಕಾರ್ಖಾನೆಯ ಲೆಕ್ಕದಲ್ಲಿ ಒಂದರ ಮಗ್ಗುಲಲ್ಲೊಂದು ಕುಳಿತಿವೆ. ಸ್ವೀಕರಿಸುವವನ ವ್ಯಕ್ತಿತ್ವವನ್ನು ಆ ಚಿನ್ನ ಕಂಡಿಲ್ಲ; ಅವನ ಬೊಕ್ಕಸವನ್ನೂ ಸೈನ್ಯವನ್ನೂ ಕಂಡಿದೆ. ಈ ಆಯುಧಗಳು ರಣರಂಗಕ್ಕೆ ಹೋಗಬೇಕಾಗಿರಲಿಲ್ಲ. ಅಲಂಕಾರವಿಲ್ಲದ ತಮ್ಮ ಸೋದರರಿಗೆ ಅಲ್ಲಿಗೆ ದಾರಿ ಮಾಡಿಕೊಟ್ಟರೆ ಸಾಕಾಗಿತ್ತು.

ಇದಕ್ಕೆ ಪ್ರತಿಯಾಗಿ ಟಿಪ್ಪು ಸುಲ್ತಾನನಿಗಾಗಿ ಶ್ರೀರಂಗಪಟ್ಟಣದಲ್ಲಿ ತಯಾರಾದ ಬಂದೂಕು ಪಿಸ್ತೂಲುಗಳನ್ನು ನೆನೆಯಬಹುದು. ಅವುಗಳ ಮೇಲಿನ ಹುಲಿಯ ರೂಪಗಳೂ ಹುಲಿಪಟ್ಟೆಯ ಗುರುತುಗಳೂ ಒಡೆಯನ ಲಾಂಛನಗಳು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಅವುಗಳಲ್ಲಿ ಅನೇಕವು ಗೆದ್ದವರ ಕೈಸೇರಿ ಇಂಗ್ಲೆಂಡಿಗೆ ಹೋದವು. ಕೈ ಬದಲಾದರೂ ಅವು ಇಂದಿಗೂ ತಮ್ಮ ಮೊದಲ ಒಡೆಯನನ್ನೇ ಹೇಳುತ್ತವೆ. ಕೋಲ್ಟನ ಪಿಸ್ತೂಲುಗಳಾದರೋ ಒಡೆಯನನ್ನು ಸೇರಿದ ದಿನವೂ ಮಾರುವವನನ್ನೇ ಹೇಳಿದವು.

ಕೊಡುವವನು ತನ್ನ ಗುರುತನ್ನು ಹಾಕಿ ಕೊಡುವುದು ರಾಜಮರ್ಯಾದೆಯಲ್ಲಿ ಹಿಂದಿನಿಂದಲೂ ಉಂಟು ಎಂದು ವಾದಿಸಬಹುದು. ನಿಜ, ಆದರೆ ಅಂಥ ಗುರುತು ಸ್ನೇಹದ ಹೊಣೆಯನ್ನೂ ಹೊರುತ್ತದೆ. ಎರಡು ಪಕ್ಷಕ್ಕೂ ಒಂದೇ ಗಳಿಗೆಯಲ್ಲಿ ಸಲ್ಲುವ ಗುರುತಿಗೆ ಆ ಹೊಣೆಯಿಲ್ಲ. ಆದುದರಿಂದ ಇಂಥ ವಸ್ತುಗಳ ವಿಮರ್ಶೆಯಲ್ಲಿ ಎರಡು ತೀರ್ಪುಗಳು ಬೇರೆಬೇರೆಯಾಗಿ ನಿಲ್ಲಬೇಕು. ಕುಶಲಕರ್ಮದ ದೃಷ್ಟಿಯಿಂದ ಈ ಜೋಡಿ ಶ್ರೇಷ್ಠ. ಕಾಣಿಕೆಯೆಂಬ ದೃಷ್ಟಿಯಿಂದ ಟೊಳ್ಳು. ಮೊದಲನೆಯ ಹೊಳಪಿನಲ್ಲಿ ಎರಡನೆಯದು ಮರೆಯಾಗಲೆಂಬುದೇ ಕೊಟ್ಟವನ ಉದ್ದೇಶವಾಗಿತ್ತು. ವಿಮರ್ಶಕನು ಆ ಉದ್ದೇಶವನ್ನು ಪೂರೈಸಿಕೊಡಬೇಕಾದ ಕಾರಣವಿಲ್ಲ.