ಭಕ್ಷಕ ಮೀನಿನ ಕರ್ತೃತ್ವ: ಟ್ರಿನಿಡಾಡಿನ ಗಪ್ಪಿ ಅಧ್ಯಯನಗಳ ವಿಮರ್ಶೆ

ಭಕ್ಷಕ ಪ್ರಾಣಿಯು ದುರ್ಬಲವಾದುದನ್ನು ತಿಂದು ಸಬಲವಾದುದನ್ನು ಉಳಿಸುತ್ತದೆ, ಆದುದರಿಂದ ಭಕ್ಷ್ಯದ ಕುಲವು ಉತ್ತರೋತ್ತರ ಬಲಿಷ್ಠವಾಗುತ್ತದೆ ಎಂಬ ಮಾತು ಜನಪ್ರಿಯ ವಿಜ್ಞಾನ ಸಾಹಿತ್ಯದಲ್ಲಿ ರೂಢಮೂಲವಾಗಿದೆ. ಮನುಷ್ಯ ಸಮಾಜದ ಕ್ರೌರ್ಯಕ್ಕೂ ಇದನ್ನೇ ಸಮರ್ಥನೆಯಾಗಿ ಎಳೆದು ತರುವವರು ಉಂಟು. ಈ ಮಾತನ್ನು ಒರೆಗೆ ಹಚ್ಚಲು ಟ್ರಿನಿಡಾಡ್ ದ್ವೀಪದ ಹೊಳೆಗಳಲ್ಲಿ ನಡೆದ ಅಧ್ಯಯನಗಳು ಒಳ್ಳೆಯ ಸಾಧನ.

ಅಧ್ಯಯನದ ವಸ್ತು ಗಪ್ಪಿ. ಸೊಳ್ಳೆಮರಿಗಳ ನಾಶಕ್ಕೆಂದು ನಮ್ಮ ಬಾವಿ ಕುಂಟೆಗಳಿಗೂ ಬಿಡಲಾದ ಆ ಪುಟ್ಟ ಮೀನೇ. ಅಲ್ಲಿ ಜಲಪಾತಗಳ ಕೆಳಗೆ ಪೈಕ್ ಸಿಕ್ಲಿಡ್ ಎಂಬ ಘೋರ ಭಕ್ಷಕವಿದೆ. ಮೇಲಣ ನೀರಿನಲ್ಲಿ ರಿವ್ಯುಲಸ್ ಎಂಬ ಸೌಮ್ಯತರ ಮೀನು ಮಾತ್ರ. ಜಾನ್ ಎಂಡ್ಲರ್ 1976ರಲ್ಲಿ ಅರಿಪೋ ನದಿಯ ಕೆಳಪಾತ್ರದಿಂದ 200 ಗಪ್ಪಿಗಳನ್ನು ಹಿಡಿದು, ರಿವ್ಯುಲಸ್ ಇದ್ದು ಗಪ್ಪಿಗಳೇ ಇಲ್ಲದ ಉಪನದಿಯೊಂದಕ್ಕೆ ಬಿಟ್ಟರು. ಎರಡೇ ವರ್ಷಗಳಲ್ಲಿ ಗಂಡುಗಳ ಮೈಮೇಲಿನ ಬಣ್ಣದ ಚುಕ್ಕೆಗಳು ಹೆಚ್ಚಿದವು, ಹಿಗ್ಗಿದವು. ಕೃತಕ ಕೊಳಗಳ ಪ್ರಯೋಗ ಇನ್ನೂ ಸೂಕ್ಷ್ಮವಾದುದು. ಭಕ್ಷಕವಿದ್ದಲ್ಲಿ ತಳದ ಹರಳು ಸಣ್ಣದಾದರೆ ಚುಕ್ಕೆಯೂ ಸಣ್ಣದಾಯಿತು, ಹರಳು ದಪ್ಪವಾದರೆ ಚುಕ್ಕೆಯೂ ದಪ್ಪವಾಯಿತು. ಭಕ್ಷಕವಿಲ್ಲದಲ್ಲಿ ಇದಕ್ಕೆ ತದ್ವಿರುದ್ಧ. ಹೆಣ್ಣನ್ನು ಒಲಿಸುವ ಬಣ್ಣವೇ ಮೃತ್ಯುವಿಗೆ ಕರೆಯೋಲೆಯೂ ಹೌದು. ಇಲ್ಲಿ ಬಲಾಬಲಗಳ ಪ್ರಶ್ನೆಯೇ ಏಳುವುದಿಲ್ಲ.

1990ರಲ್ಲಿ ಡೇವಿಡ್ ರೆಜ಼್ನಿಕ್ ಮತ್ತು ಸಂಗಡಿಗರು ಪ್ರಕಟಿಸಿದ ಫಲಿತಾಂಶ ಇನ್ನೂ ಮುಂದೆ ಹೋಗುತ್ತದೆ. ಸ್ಥಳಾಂತರಗೊಂಡ 11 ವರ್ಷಗಳ ತರುವಾಯ ಆ ಮೀನುಗಳು ತಡವಾಗಿ ಪ್ರಾಯಕ್ಕೆ ಬರುತ್ತಿದ್ದವು. ದೊಡ್ಡವಾದ, ಆದರೆ ಕಡಮೆ ಸಂಖ್ಯೆಯ ಮರಿಗಳನ್ನು ಈಯುತ್ತಿದ್ದವು. ಪ್ರಯೋಗಾಲಯದಲ್ಲಿ ಎರಡು ತಲೆಮಾರು ಸಾಕಿದ ಮೇಲೂ ಭೇದ ಅಳಿಯಲಿಲ್ಲವಾದುದರಿಂದ ಇದು ಆನುವಂಶಿಕವೆಂಬುದು ನಿರ್ವಿವಾದ. ಭಕ್ಷಕವು ತಿದ್ದಿದ್ದು ಮೈಕಟ್ಟನ್ನಷ್ಟೇ ಅಲ್ಲ, ಬಾಳಿನ ಕಾಲಪತ್ರಿಕೆಯನ್ನು.

ಆದರೆ ಕಾರಣದ ನಿರೂಪಣೆ ಇಷ್ಟು ನಿರ್ವಿವಾದವಲ್ಲ. ಸಿಕ್ಲಿಡ್ ಬೆಳೆದ ಗಪ್ಪಿಗಳನ್ನೂ ರಿವ್ಯುಲಸ್ ಮರಿಗಳನ್ನೂ ಆರಿಸಿ ತಿನ್ನುತ್ತವೆ ಎಂಬುದು ಮೂಲ ಪ್ರಮೇಯ. ಅದನ್ನು ಸಡಿಲಿಸಿದವರು ಸ್ವತಃ ರೆಜ಼್ನಿಕ್ ತಂಡದವರೇ; ಇದು ಅವರ ಕೃತಿಯ ಅತ್ಯಂತ ಶ್ಲಾಘ್ಯ ಅಂಶ. ಗುರುತು ಹಾಕಿ ಬಿಟ್ಟ ಮೀನುಗಳನ್ನು ಮತ್ತೆ ಹಿಡಿದು ಎಣಿಸಿದಾಗ, ಭಕ್ಷಕವಿರುವಲ್ಲಿ ಎಲ್ಲ ಗಾತ್ರದವುಗಳ ಮರಣವೂ ಹೆಚ್ಚೆಂದು ಕಂಡಿತು. 2001ರ ಲೇಖನವು ಮೇಲಣ ಹೊಳೆಗಳಲ್ಲಿ ಆಹಾರವೇ ಕಡಮೆ ಎಂಬುದನ್ನೂ ಎತ್ತಿ ತೋರಿಸಿತು. ಹಾಗಾದರೆ ತಡವಾದ ಪ್ರಾಯಕ್ಕೆ ಭಕ್ಷಕದ ಅಭಾವವೆಷ್ಟು ಕಾರಣ, ಹಸಿವೆಷ್ಟು ಕಾರಣ? ಪಠ್ಯಪುಸ್ತಕಗಳು ಈ ಪ್ರಶ್ನೆಯನ್ನು ಬಹುಮಟ್ಟಿಗೆ ಬದಿಗೊತ್ತಿ ಹಳೆಯ ಸರಳ ಕಥೆಯನ್ನೇ ಹೇಳುತ್ತಿರುವುದು ಖೇದಕರ.

ಇನ್ನು ಮುಪ್ಪಿನ ವಿಚಾರ. ಹೊರಗಿನ ಸಾವು ಹೆಚ್ಚಿದ್ದಲ್ಲಿ ಮುಪ್ಪು ಬೇಗ ಬರಬೇಕೆಂದು 1957ರಲ್ಲಿ ಜಾರ್ಜ್ ವಿಲಿಯಮ್ಸ್ ತರ್ಕಿಸಿದ್ದರು. 2004ರಲ್ಲಿ ರೆಜ಼್ನಿಕ್ ತಂಡ ಕಂಡದ್ದು ಬೇರೆ: ಭಕ್ಷಕಗಳ ನಡುವೆ ಬಾಳಿದ ಕುಲದ ಗಪ್ಪಿಗಳೇ ಪ್ರಯೋಗಾಲಯದಲ್ಲಿ ಹೆಚ್ಚು ಕಾಲ ಬದುಕಿದವು, ಹೆಚ್ಚು ಕಾಲ ಮರಿ ಹಾಕಿದವು, ತಪ್ಪಿಸಿಕೊಳ್ಳಲು ಚಿಮ್ಮುವ ಶಕ್ತಿ ಮಾತ್ರ ವಯಸ್ಸಿನೊಡನೆ ಬೇಗ ಕುಂದಿತು. ಒಂದೇ ದೇಹದ ಒಂದೊಂದು ಶಕ್ತಿಗೆ ಒಂದೊಂದು ಮುಪ್ಪು! ಇಂಥ ಜೀವಿಯನ್ನು ಸಬಲವೆನ್ನಬೇಕೋ ದುರ್ಬಲವೆನ್ನಬೇಕೋ ಎಂಬುದಕ್ಕೆ ರೂಢಿಯ ಮಾತಿನಲ್ಲಿ ಉತ್ತರವಿಲ್ಲ.